ವರ್ಷಕ್ಕೆರಡು ಸಲ ಊರು, ಉಳಿದ ದಿನ ಘೋಡ್‌ಬಂದರ್ ರೋಡು: ನಮಗೆ ಯಾವ ಕಾರು ಸರಿ?

ಪ್ರಶ್ನೆ: ಸರ್, ನಮ್ಮ ಮನೆ ಥಾಣೆಯ ಘೋಡ್‌ಬಂದರ್ ರೋಡ್‌ನಲ್ಲಿ. ಊರು ಕುಂದಾಪುರದ ಹತ್ತಿರ. ಮನೆಯಲ್ಲಿ ಐದು ಜನ: ನಾನು, ಹೆಂಡತಿ, 11 ವರ್ಷದ ಮಗ, 4 ವರ್ಷದ ಮಗಳು, 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿ ನೋವು. ಈಗ 2015ರ ಡೀಸೆಲ್ ಹ್ಯಾಚ್‌ಬ್ಯಾಕ್ ಇದೆ, 88,000 ಕಿ.ಮೀ. ಓಡಿದೆ. ನಾನು ಆಫೀಸಿಗೆ ಲೋಕಲ್ ಟ್ರೇನಿನಲ್ಲಿ ಹೋಗುತ್ತೇನೆ. ಕಾರು ಜಾಸ್ತಿ ಓಡಿಸುವುದು ಹೆಂಡತಿ. ಮಕ್ಕಳ ಶಾಲೆ, ಸಾಮಾನು ತರುವುದು, ಅಮ್ಮನ ಡಾಕ್ಟರು, ಅಷ್ಟೇ. ಬೇಸಿಗೆ ರಜೆಗೊಮ್ಮೆ, ದೀಪಾವಳಿಗೊಮ್ಮೆ ಕಾರಿನಲ್ಲೇ ಊರಿಗೆ ಹೋಗಿ ಬರುತ್ತೇವೆ. ಎಲ್ಲ ಸೇರಿ ವರ್ಷಕ್ಕೆ 9,000 ಕಿ.ಮೀ. ಆಗಬಹುದು. ಬಜೆಟ್ 14 ಲಕ್ಷ, ಆನ್-ರೋಡ್. ಹತ್ತು ವರ್ಷ ಆದ ಡೀಸೆಲ್ ಗಾಡಿ ಓಡಿಸುವ ಹಾಗಿಲ್ಲ, ಬೇಗ ಮಾರು ಎನ್ನುತ್ತಾರೆ. ಊರಿನ ಭಾವ "ಘಾಟಿಗೆ ಡೀಸೆಲ್ಲೇ ಬೇಕು, ಈ ತಗಡಿನ ಕಾರು ಬೇಡ" ಎನ್ನುತ್ತಾರೆ. ಆಫೀಸಿನವರು ಸಿಎನ್‌ಜಿ ಅಂದರೆ ಬಾಂಬು ಎನ್ನುತ್ತಾರೆ. ಒಬ್ಬ ಗೆಳೆಯ ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ತಗೋ ಎನ್ನುತ್ತಾನೆ, ಇನ್ನೊಬ್ಬ ಏಳು ಸೀಟಿನದೇ ತಗೋ ಎನ್ನುತ್ತಾನೆ. ಇಪ್ಪತ್ತು ಪರ್ಸೆಂಟ್ ಎಥೆನಾಲ್ ಹಾಕಿದ ಪೆಟ್ರೋಲ್ ಎಂಜಿನ್ ತಿಂದು ಹಾಕುತ್ತದಂತೆ, ಅದೂ ಒಂದು ಭಯ. ತಲೆ ಕೆಟ್ಟು ಹೋಗಿದೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ನಿಮಗೆ ಸಲಹೆ ಕೊಟ್ಟವರು ಯಾರೂ ಸುಳ್ಳು ಹೇಳಿಲ್ಲ, ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ಕಾರಿನ ಅನುಭವ ಹೇಳಿದ್ದಾರೆ. ನಿಮ್ಮ ಭಾವ ಕುಂದಾಪುರದಲ್ಲಿದ್ದು ವಾರಕ್ಕೊಮ್ಮೆ ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಗುವವರಾದರೆ ಅವರಿಗೆ ಡೀಸೆಲ್ ಸರಿ. ನಿಮ್ಮ ಹೆಂಡತಿಯ ಶಾಲೆ-ಮನೆ ಓಡಾಟಕ್ಕೂ ಅದೇ ಸರಿ ಎನ್ನುವುದು ಹೇಗೆ?

ನಾನು 27 ವರ್ಷದಿಂದ ಡೊಂಬಿವಲಿಯಲ್ಲಿ ಗ್ಯಾರೇಜ್ ನಡೆಸುತ್ತಿದ್ದೇನೆ. ಬರುವವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ. ಮೇ ತಿಂಗಳು ಬಂತೆಂದರೆ "ಊರಿಗೆ ಹೊರಟಿದ್ದೇವೆ, ಒಮ್ಮೆ ನೋಡಿಬಿಡಿ" ಎಂದು ಸಾಲು ನಿಲ್ಲುತ್ತದೆ. ಅವರೆಲ್ಲ ಮಾಡುವ ತಪ್ಪು ಒಂದೇ. ಕಾರು ಆರಿಸುವಾಗ ಕಣ್ಣ ಮುಂದೆ ಊರಿನ ದಾರಿ ಇರುತ್ತದೆ. ನನ್ನ ಲೆಕ್ಕ ಬೇರೆ. ಯಾವ ಇಂಧನ ಎನ್ನುವುದನ್ನು ವರ್ಷದ 340 ದಿನ ನೋಡಿ ತೀರ್ಮಾನಿಸಿ. ಸೀಟು, ಬೆಲ್ಟು, ಬ್ರೇಕು ಹೇಗಿರಬೇಕು ಎನ್ನುವುದನ್ನು ಮಾತ್ರ ಊರಿಗೆ ಹೋಗುವ ದಿನ ನೋಡಿ ತೀರ್ಮಾನಿಸಿ. ಆ ದಿನವೇ ಅಲ್ವಾ, ಮನೆಯ ಐದೂ ಜನ ಒಂದೇ ಗಾಡಿಯಲ್ಲಿ ನೂರರ ವೇಗದಲ್ಲಿ ಹೋಗುವುದು.

ಮೊದಲು ಹಳೆಯ ಗಾಡಿಯ ವಿಷಯ ಮುಗಿಸಿಬಿಡೋಣ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಓಡಿಸಬಾರದು ಎಂಬ ನಿಯಮ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದ್ದು. ಥಾಣೆಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಆರ್‌ಸಿ 15 ವರ್ಷಕ್ಕೆ, ಅಂದರೆ 2030ರವರೆಗೆ ಇದೆ. ಆಮೇಲೂ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬಹುದು. ಮೊದಲ ನವೀಕರಣದ ಫೀಸು 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿದೆ. ಹಾಗೆಂದು ಪೂರ್ತಿ ನಿಶ್ಚಿಂತೆ ಎಂದೂ ಹೇಳಲಾರೆ. ಮುಂಬೈನ ಹವೆ ಕೆಟ್ಟಿರುವ ಬಗ್ಗೆ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ಹಂತಹಂತವಾಗಿ ಕಡಿಮೆ ಮಾಡಲು ಆಗುತ್ತದೆಯೇ ನೋಡಿ ಎಂದಿತು, ಸರಕಾರ ಒಂದು ಸಮಿತಿ ಮಾಡಿತು. ಗಾಳಿ ಯಾವ ಕಡೆ ಬೀಸುತ್ತಿದೆ ಎನ್ನುವುದು ಅದರಿಂದ ತಿಳಿಯುತ್ತದೆ. ಆದರೆ ನಾಳೆ ಬೆಳಿಗ್ಗೆ ಪೊಲೀಸರು ಹಿಡಿಯುತ್ತಾರೆ ಎಂದು ಗಾಬರಿಯಾಗಿ ಸಿಕ್ಕಿದ ಬೆಲೆಗೆ ಮಾರಬೇಡಿ. ದಲ್ಲಾಳಿಗಳಿಗೆ ನಿಮ್ಮ ಗಾಬರಿಯೇ ಬಂಡವಾಳ.

ಇನ್ನು ಕೆಲವರು ಹಳೆಯ ಗಾಡಿಯನ್ನು ಊರಿಗೆ ಕಳಿಸಿಬಿಡುತ್ತಾರೆ, ಅಣ್ಣ ಓಡಿಸಿಕೊಂಡಿರಲಿ ಎಂದು. ನೆನಪಿಡಿ, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಅಲ್ಲಿ ಕರ್ನಾಟಕದ ತೆರಿಗೆ ಕಟ್ಟಬೇಕು, ಇಲ್ಲಿ ಕಟ್ಟಿದ್ದರ ಉಳಿಕೆ ವಾಪಸ್ ಕೇಳಬೇಕು. ಕಾಗದಪತ್ರದ ಓಡಾಟಕ್ಕೆ ಸಮಯ ಇದ್ದವರಿಗೆ ಸರಿ.

ಈಗ ಡೀಸೆಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಪೆಟ್ಟು ತಿಂದವನು ನಾನೇ.

ನಿಮ್ಮ 2015ರ ಗಾಡಿ ಬಿಎಸ್4, ಅಂದರೆ ಹೊಗೆಯ ಹಳೆಯ ನಿಯಮದ್ದು. ಅಂಥ ಸಣ್ಣ ಡೀಸೆಲ್ ಕಾರುಗಳನ್ನು ಹೇಗೆ ಓಡಿಸಿದರೂ ನಡೆಯುತ್ತಿತ್ತು. 2020ರ ಏಪ್ರಿಲ್ 1ರಿಂದ ಅದಕ್ಕಿಂತ ಬಿಗಿಯಾದ ಬಿಎಸ್6 ಬಂತು. ಈಗಿನ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಮಸಿ ತುಂಬುತ್ತಾ ಬಂದ ಹಾಗೆ ಗಾಡಿಯ ಕಂಪ್ಯೂಟರ್ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಗಾಡಿ ಓಡಬೇಕು. ಘೋಡ್‌ಬಂದರ್ ರೋಡಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಮೂರು ಕಿ.ಮೀ. ಹೋಗಿ ಶಾಲೆಯ ಮುಂದೆ ಎಂಜಿನ್ ಆಫ್ ಮಾಡಿದರೆ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ. ದಿನಾ ಹೀಗೇ ಆದರೆ ಫಿಲ್ಟರ್ ಕಟ್ಟುತ್ತದೆ. ಸುಡಲೆಂದು ಬಿಟ್ಟ ಡೀಸೆಲ್ಲಿನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಕಡಿಮೆಯಾಗುವ ಬದಲು ಏರಿರುತ್ತದೆ. ಮೂಸಿದರೆ ಡೀಸೆಲ್ ವಾಸನೆ.

ಇಷ್ಟೆಲ್ಲ ಗೊತ್ತಿದ್ದ ನಾನು 2021ರಲ್ಲಿ ಡೀಸೆಲ್ ಎಸ್‌ಯುವಿಯನ್ನೇ ತಗೊಂಡೆ. ಪಿಕಪ್ ಆಸೆ. ಮನೆಯಿಂದ ಗ್ಯಾರೇಜಿಗೆ ಮೂರು ಕಿ.ಮೀ. ಎಂಟು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್ ದೀಪ ಹತ್ತಿತು. ಆಮೇಲೆ ಪ್ರತಿ ಎರಡನೇ ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ನಾಶಿಕ್ ಹೈವೇಯಲ್ಲಿ ಪಡ್ಘಾದವರೆಗೆ ಸುಮ್ನೆ ಹೋಗಿ ಬರುವುದು ನನ್ನ ಕೆಲಸವಾಯಿತು. ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ತುಂಬಿ ಕೊಟ್ಟು, "ನಾಯಿ ವಾಕಿಂಗಿಗೆ ಕರ್ಕೊಂಡು ಹೋಗೋ ಹಾಗೆ ಕಾರನ್ನು ಕರ್ಕೊಂಡು ಹೋಗ್ತೀರಲ್ಲ" ಎಂದಳು. ಮೂರನೇ ವರ್ಷ ಮಾರಿದೆ. ಗಾಡಿಯ ತಪ್ಪಲ್ಲ. ಅದು ಓಡಲು ಹುಟ್ಟಿದ ಗಾಡಿ, ನಾನು ಕಟ್ಟಿ ಹಾಕಿದ್ದೆ.

ಘಾಟಿಗೆ ಡೀಸೆಲ್ ಎಂಬ ಮಾತಿನಲ್ಲಿ ಸತ್ಯವಿದೆ. ಕಡಿಮೆ ಆರ್‌ಪಿಎಂನಲ್ಲೇ ಅದಕ್ಕೆ ಎಳೆಯುವ ಬಲ ಜಾಸ್ತಿ. ನೀವು ಪುಣೆ, ಕೊಲ್ಹಾಪುರ, ಹುಬ್ಬಳ್ಳಿ ದಾರಿಯವರಾದರೆ ಹೋಗುವಾಗ ಖಂಡಾಲ ಹತ್ತಬೇಕು, ಬರುವಾಗ ತೆಂಗಿನಕಾಯಿ ತುಂಬಿಕೊಂಡು ಅರಬೈಲ್ ಹತ್ತಬೇಕು. ಆದರೆ ಹತ್ತಲು ಆಗದೇ ನಿಂತುಬಿಡುವ ಪೆಟ್ರೋಲ್ ಕಾರು ಈಗ ಯಾವುದಿದೆ? ಗೇರ್ ಇಳಿಸಬೇಕು, ಎಂಜಿನ್ ಸ್ವಲ್ಪ ಕೂಗುತ್ತದೆ, ಅಷ್ಟೇ. ಡೀಸೆಲ್ ಓಡಿಸಿ ಅಭ್ಯಾಸವಾದವರು ಮೂರನೇ ಗೇರಿನಲ್ಲೇ ಒತ್ತಿ ಹಿಡಿದು "ಎಳೀತಾ ಇಲ್ಲ" ಎನ್ನುತ್ತಾರೆ. ಎರಡಕ್ಕೆ ಹಾಕಿ ನೋಡಿ.

ಲೆಕ್ಕ ಹಾಕೋಣ. 2025ರ ದರದಂತೆ ನಮ್ಮ ಕಡೆ ಪೆಟ್ರೋಲ್ ಸುಮಾರು 104, ಡೀಸೆಲ್ 90, ಸಿಎನ್‌ಜಿ ಕೆಜಿಗೆ 80 ಎಂದು ಹಿಡಿಯುತ್ತೇನೆ. ಶೋರೂಮಿನವರು ಹೇಳುವ ಮೈಲೇಜ್ ಬಿಟ್ಟು, ನನ್ನ ಗಿರಾಕಿಗಳಿಗೆ ಊರು-ಸಿಟಿ ಸೇರಿ ನಿಜವಾಗಿ ಸಿಗುವುದನ್ನು ತಗೊಳ್ಳುತ್ತೇನೆ. 9,000 ಕಿ.ಮೀ.ಗೆ, ಲೀಟರಿಗೆ 13 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ವರ್ಷಕ್ಕೆ 72,000. 17 ಕೊಡುವ ಡೀಸೆಲ್‌ಗೆ 47,600. ಕೆಜಿಗೆ 19 ಕೊಡುವ ಸಿಎನ್‌ಜಿಗೆ 38,000. 21 ಕೊಡುವ ಹೈಬ್ರಿಡ್‌ಗೆ 44,600. ಡೀಸೆಲ್ ಕಾರಿಗೆ ಒಂದೂವರೆ ಲಕ್ಷ ಜಾಸ್ತಿ ಕೊಟ್ಟರೆ ಅದು ವಾಪಸ್ ಬರಲು ಆರು ವರ್ಷದ ಮೇಲೆ ಬೇಕು. ಮಹಾರಾಷ್ಟ್ರದಲ್ಲಿ ಡೀಸೆಲ್‌ಗೆ ರೋಡ್ ಟ್ಯಾಕ್ಸ್ ಕೂಡ ಪೆಟ್ರೋಲಿಗಿಂತ ಹೆಚ್ಚು. ಸಿಎನ್‌ಜಿಗೆ ಇವೆರಡಕ್ಕಿಂತಲೂ ಕಡಿಮೆ ಟ್ಯಾಕ್ಸ್. ಸಿಎನ್‌ಜಿಗೆ ಹೆಚ್ಚು ಕೊಟ್ಟ 90 ಸಾವಿರ, ಲಕ್ಷ ಮೂರು ವರ್ಷದಲ್ಲಿ ವಾಪಸ್. ಹೈಬ್ರಿಡ್‌ಗೆ ಮೂರು ಲಕ್ಷದ ಮೇಲೆ ಹೆಚ್ಚು ಕೊಡಬೇಕು, ನಿಮ್ಮ ಓಡಾಟಕ್ಕೆ ಹನ್ನೊಂದು ವರ್ಷ ಕಾಯಬೇಕು. ಟ್ರಾಫಿಕ್ಕಿನಲ್ಲಿ ಅದರಷ್ಟು ಮೃದುವಾಗಿ ಹೋಗುವ ಗಾಡಿ ಇನ್ನೊಂದಿಲ್ಲ, ಅದು ನಿಜ. ಆದರೆ ದಿನಕ್ಕೆ ಹದಿನೈದು ಕಿ.ಮೀ. ಓಡಿಸುವವರಿಗೆ ಅದು ಆಸೆಯ ಲೆಕ್ಕ, ಉಳಿತಾಯದ ಲೆಕ್ಕ ಅಲ್ಲ. ನಿಮ್ಮ ಬಜೆಟ್‌ಗೂ ಮೇಲಾಗುತ್ತದೆ.

ಹಾಗಾದರೆ ಸಿಎನ್‌ಜಿ ಬಾಂಬು ಎನ್ನುವ ಮಾತು? ಮುಂಬೈನ ಟ್ಯಾಕ್ಸಿ, ರಿಕ್ಷಾ, ಬೆಸ್ಟ್ ಬಸ್ಸು ಎಷ್ಟು ವರ್ಷದಿಂದ ಇದರ ಮೇಲೆ ಓಡುತ್ತಿವೆ ಯೋಚಿಸಿ. ಗ್ಯಾಸ್ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿ ಇರುತ್ತದೆ. ನಿಮ್ಮ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್. ಆದರೆ ಸಿಲಿಂಡರನ್ನು ಆ 200 ಬಾರ್‌ಗಿಂತ ಎಷ್ಟೋ ಹೆಚ್ಚಿಗೆ ತಡೆಯುವಂತೆ ಮಾಡಿರುತ್ತಾರೆ. ಸೋರಿದರೂ ಇದು ಗಾಳಿಗಿಂತ ಹಗುರ, ಮೇಲೆ ಹೋಗಿಬಿಡುತ್ತದೆ. ಅಡುಗೆ ಮನೆಯ ಎಲ್‌ಪಿಜಿ ಹಾಗಲ್ಲ, ಅದು ನೆಲದಲ್ಲಿ ಕೂರುತ್ತದೆ.

ಅಪಾಯ ಇರುವುದು ಹೊರಗಡೆ ಹಾಕಿಸುವ ಕಿಟ್‌ನಲ್ಲಿ. ನನ್ನ ಹತ್ತಿರ ಬಂದ ಒಂದು ಗಾಡಿಯಲ್ಲಿ ಗ್ಯಾಸ್ ಪೈಪನ್ನು ಸೈಲೆನ್ಸರಿಗೆ ತಾಗಿಸಿ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದ್ದರು. ಟೈ ಕರಗಿ ಹೋಗಿತ್ತು. ಫಿಟ್ ಮಾಡಿದವನು ಯಾರೆಂದು ಕೇಳಿದರೆ, "ಪಂಪಿನ ಹತ್ತಿರ ಒಬ್ಬ" ಎಂದರು. ಅದಕ್ಕೇ ಹೇಳುವುದು, ಕಂಪನಿಯಲ್ಲೇ ಹಾಕಿ ಬಂದದ್ದನ್ನೇ ತಗೊಳ್ಳಿ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ತಡೆಯುತ್ತದಾ ನೋಡುವ ಪರೀಕ್ಷೆ, ತಪ್ಪಿಸಬೇಡಿ. ಗ್ಯಾಸ್ ತುಂಬುವಾಗ ಎಲ್ಲರೂ ಕೆಳಗಿಳಿಯಿರಿ, ಅಮ್ಮನಿಗೆ ಕಷ್ಟವಾದರೂ. ಅದರ ಬದಲು ಅಮ್ಮ ಇಲ್ಲದಾಗ ತುಂಬಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಸಿಎನ್‌ಜಿಯ ನಿಜವಾದ ತೊಂದರೆ ಬೇರೆಯೇ. ಸಾಲಿನಲ್ಲಿ ನಿಲ್ಲಬೇಕು. ಪಿಕಪ್ ಸ್ವಲ್ಪ ಕಡಿಮೆ. ಘಾಟಿ ಬಂದಾಗ ಬಟನ್ ಒತ್ತಿ ಪೆಟ್ರೋಲಿಗೆ ಹಾಕಿಕೊಂಡರೆ ಮುಗಿಯಿತು. ಹೈವೇಯಲ್ಲಿ ಪಂಪಿಗೆ ಹೋದರೆ ಪ್ರೆಷರ್ ಇಲ್ಲ ಎಂದು ಹೇಳಿಯಾರು, ಆಗಲೂ ಪೆಟ್ರೋಲೇ ಗತಿ. ಹಾಗಾಗಿ ಪೆಟ್ರೋಲ್ ಟ್ಯಾಂಕನ್ನು ಯಾವತ್ತೂ ಕಾಲು ಭಾಗಕ್ಕಿಂತ ಕೆಳಗೆ ಇಳಿಸಬೇಡಿ. ಮುಖ್ಯವಾದದ್ದು ಡಿಕ್ಕಿ. ಹಳೆಯ ರೀತಿಯಲ್ಲಿ 60 ಲೀಟರಿನ ದೊಡ್ಡ ಸಿಲಿಂಡರ್ ಡಿಕ್ಕಿಯಲ್ಲಿ ಮಲಗಿದರೆ ನಿಮಗೆ ಉಳಿಯುವುದು ಎರಡು ಕೈಚೀಲದ ಜಾಗ. ಕುಚ್ಚಲಕ್ಕಿ ಮೂಟೆ, ತೆಂಗಿನಕಾಯಿ, ಹಪ್ಪಳದ ಡಬ್ಬ ಎಲ್ಲಿ ಇಡುತ್ತೀರಿ? ಊರಿನಿಂದ ಖಾಲಿ ಡಿಕ್ಕಿಯಲ್ಲಿ ವಾಪಸ್ ಬಂದವರನ್ನು ನಾನಂತೂ ನೋಡಿಲ್ಲ.

ಇದಕ್ಕೆ ಈಗ ದಾರಿ ಸಿಕ್ಕಿದೆ. ಟಾಟಾದವರು 2023ರಲ್ಲಿ ಆಲ್ಟ್ರೋಜ್‌ನಲ್ಲಿ ದೊಡ್ಡ ಸಿಲಿಂಡರಿನ ಬದಲು ಎರಡು ಸಣ್ಣ ಸಿಲಿಂಡರ್ ಮಾಡಿ ಡಿಕ್ಕಿಯ ನೆಲದ ಕೆಳಗೆ ಇಟ್ಟರು, ಆಮೇಲೆ ನೆಕ್ಸಾನ್‌ನಲ್ಲೂ. ಹ್ಯುಂಡೈ ಕೂಡ ಅದೇ ದಾರಿ ಹಿಡಿಯಿತು. ಮಾರುತಿಯ ವಿಕ್ಟೋರಿಸ್‌ನಲ್ಲಿ ಸಿಲಿಂಡರನ್ನು ಗಾಡಿಯ ಹೊಟ್ಟೆಯ ಕೆಳಗೇ ಕೂರಿಸಿದ್ದಾರೆ. ನೋಡಲು ಹೋದಾಗ ಡಿಕ್ಕಿಯ ಹಲಗೆ ಎತ್ತಿಸಿ ನೋಡಿ, ಸ್ಟೆಪ್ನಿ ಎಲ್ಲಿದೆ, ಪಂಚರ್ ಆದರೆ ಸಾಮಾನೆಲ್ಲ ಇಳಿಸಬೇಕಾ ಎಂದು ಕೇಳಿ. ಸೇಲ್ಸ್ ಹುಡುಗ ಸನ್‌ರೂಫ್ ತೋರಿಸುತ್ತಾ ಇರುತ್ತಾನೆ, ಬಿಡಿ.

ಎಥೆನಾಲ್ ಬಗ್ಗೆ ಎರಡೇ ಮಾತು. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಮೈಲೇಜ್ ಇಳಿಯುವುದು ನಿಜ. ನೀತಿ ಆಯೋಗದ 2021ರ ವರದಿಯೇ ಹಳೆಯ ಕಾರುಗಳಿಗೆ ಶೇಕಡ 6-7 ಇಳಿಯಬಹುದು, ಎಥೆನಾಲ್‌ಗೆ ಹೊಂದಿಸಿದವಕ್ಕೆ 1-2 ಎಂದಿತ್ತು. ಹಳೆಯ ಕಾರಿನ ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಡಬೇಕಾದದ್ದೂ ನಿಜ. ಆದರೆ ನಿಮ್ಮ ಹಳೆಯದು ಡೀಸೆಲ್, ಹೊಸದು 2023ರ ಏಪ್ರಿಲ್ ನಂತರ ಇದಕ್ಕೆಂದೇ ತಯಾರಾದದ್ದು. ಈ ಭಯ ನಿಮ್ಮದಲ್ಲ, 2012ರ ಪೆಟ್ರೋಲ್ ಕಾರಿಟ್ಟುಕೊಂಡಿರುವವರದ್ದು.

ಈಗ ತಗಡು. ನಿಮ್ಮ ಭಾವನವರ ಹಾಗೆ ಬಾನೆಟ್ ಮೇಲೆ ಬೆರಳಿನಿಂದ ತಟ್ಟಿ ಕಾರು ಗಟ್ಟಿಯೋ ಅಲ್ಲವೋ ಹೇಳುವವರು ನನ್ನ ಗ್ಯಾರೇಜಿಗೂ ಬರುತ್ತಾರೆ. ಹೊರಗಿನ ತಗಡು ಬಟ್ಟೆ ಇದ್ದ ಹಾಗೆ. ಜೀವ ಕಾಯುವುದು ಒಳಗಿನ ಅಸ್ಥಿಪಂಜರ. ಮುಂಭಾಗ ಮುದುಡಬೇಕು, ಪೆಟ್ಟನ್ನು ತಾನು ತಿನ್ನಬೇಕು. ಜನ ಕೂತ ಗೂಡು ಮಾತ್ರ ಮುದುಡಬಾರದು. ಇದನ್ನು ತಟ್ಟಿ ತಿಳಿಯಲಾಗುವುದಿಲ್ಲ, ಗುದ್ದಿಸಿಯೇ ನೋಡಬೇಕು. ನಮ್ಮ ದೇಶದಲ್ಲೇ ಭಾರತ್ ಎನ್‌ಕ್ಯಾಪ್ ಎಂಬ ಅಂಥ ಪರೀಕ್ಷೆ 2023ರ ಅಕ್ಟೋಬರ್‌ನಿಂದ ಶುರುವಾಗಿದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಂಭಾಗದ ಒಂದು ಪಕ್ಕವನ್ನು ಗುದ್ದಿಸುತ್ತಾರೆ. ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂದು ಬೇರೆ ಬೇರೆ ಸ್ಟಾರ್ ಕೊಡುತ್ತಾರೆ. ನೀವು ಎರಡನೆಯದನ್ನೂ ನೋಡಿ.

ಏಳು ಸೀಟಿನದು ಬೇಕೋ ಬೇಡವೋ ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ಎರ್ಟಿಗಾ ಸಿಎನ್‌ಜಿ ನಿಮ್ಮ ಬಜೆಟ್‌ಗೆ ಬರುತ್ತದೆ. ಹಿಂದಿನ ಸಾಲು ಮಡಚಿದರೆ ಒಂದು ಮದುವೆಯ ಸಾಮಾನು ಹೋಗುತ್ತದೆ, ಕೆಟ್ಟು ನಿಲ್ಲುವುದು ಕಡಿಮೆ, ಮಾರಲು ಹೋದರೆ ಬೆಲೆ ಸಿಗುತ್ತದೆ. ನನ್ನ ಗಿರಾಕಿಗಳಲ್ಲಿ ಬೈಗುಳ ತಿನ್ನದ ಗಾಡಿ ಅದು. ಆದರೆ 2024ರಲ್ಲಿ ಇದೇ ರೀತಿ ಪರೀಕ್ಷೆ ಮಾಡುವ ವಿದೇಶಿ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್‌ನವರು ಭಾರತದಲ್ಲಿ ತಯಾರಾಗಿ ಆಫ್ರಿಕಾಕ್ಕೆ ಹೋಗುವ ಎರ್ಟಿಗಾವನ್ನು ಗುದ್ದಿಸಿದಾಗ ದೊಡ್ಡವರಿಗೆ ಒಂದು ಸ್ಟಾರ್, ಮಕ್ಕಳಿಗೆ ಎರಡು ಬಂತು. ಅದರಲ್ಲಿ ಇದ್ದದ್ದು ಎರಡೇ ಏರ್‌ಬ್ಯಾಗ್, ಈಗ ಇಲ್ಲಿ ಆರು ಬರುತ್ತವೆ. ಏರ್‌ಬ್ಯಾಗ್ ಹೆಚ್ಚಾದದ್ದು ಒಳ್ಳೆಯದೇ, ಆದರೆ ಬಾಡಿಯ ಗಟ್ಟಿತನ ಬೇರೆ ವಿಷಯ. ದಿನವಿಡೀ ಸಿಟಿಯಲ್ಲೇ ಇರುವವರಿಗೆ ನಾನು ಇದನ್ನು ದೊಡ್ಡದು ಮಾಡುವುದಿಲ್ಲ. ನಾಲ್ಕು ವರ್ಷದ ಮಗುವನ್ನು ಕೂರಿಸಿಕೊಂಡು ವರ್ಷಕ್ಕೆರಡು ಸಲ ರಾತ್ರಿ ಹೈವೇಯಲ್ಲಿ ಹೋಗುವ ನಿಮಗೆ ಹೇಳಲೇಬೇಕಾಯಿತು.

ಸ್ಟಾರ್ ಎಷ್ಟಿದ್ದರೂ ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಸೊನ್ನೆ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ನೆನಪಿರಬಹುದು. ದುಬಾರಿ ಕಾರು, ಮುಂದಿದ್ದ ಇಬ್ಬರು ಉಳಿದರು, ಹಿಂದೆ ಬೆಲ್ಟ್ ಇಲ್ಲದೆ ಕೂತ ಇಬ್ಬರು ಉಳಿಯಲಿಲ್ಲ. ಅದೇ ವರ್ಷ ನವೆಂಬರ್ 1ರಿಂದ ಮುಂಬೈ ಪೊಲೀಸರು ಹಿಂದಿನವರಿಗೂ ಬೆಲ್ಟ್ ಕಡ್ಡಾಯ ಎಂದರು. ಆದರೂ ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಸೀಟ್ ಕವರಿನ ಅಡಿಯಲ್ಲಿ ಹೂತು ಹೋಗಿರುತ್ತದೆ. ಕವರ್ ಹಾಕಿಸುವಾಗ ಹೊರಗೆ ತೆಗೆಸಿ. ಮಗಳನ್ನು ಅಮ್ಮನ ತೊಡೆಯ ಮೇಲೆ ಕೂರಿಸುವುದು ಬೇಡ, ಐಸೋಫಿಕ್ಸ್ ಇರುವ, ಅಂದರೆ ಕಾರಿನ ಸೀಟಿನ ಕೊಕ್ಕೆಗೇ ಸಿಕ್ಕಿಸುವ ಚೈಲ್ಡ್ ಸೀಟ್ ತಗೊಳ್ಳಿ. ಅದನ್ನು ಡ್ರೈವರ್ ಹಿಂದೆ ಹಾಕಿ, ಅಮ್ಮ ಎಡಗಡೆ, ಇಳಿದರೆ ಫುಟ್‌ಪಾತ್ ಕಡೆಗೆ, ಮಗ ನಡುವೆ. ಅಂದರೆ ನಡುವಿನ ಸೀಟಿಗೆ ಪೂರ್ತಿ ಭುಜದ ಬೆಲ್ಟು, ತಲೆಗೆ ಆಸರೆ ಎರಡೂ ಇರಲೇಬೇಕು. ಮತ್ತೆ, ಚೈಲ್ಡ್ ಸೀಟ್ ಇಟ್ಟ ಮೇಲೆ ಮಗ ನಡುವೆ ಹಿಡಿಸುತ್ತಾನಾ ನೋಡಿ. ನಾಲ್ಕು ಮೀಟರ್ ಒಳಗಿನ ಕಾರುಗಳಲ್ಲಿ ಇದು ಇಕ್ಕಟ್ಟು. 2025ರ ಸೆಪ್ಟೆಂಬರ್ 22ರಿಂದ ಆ ಸಣ್ಣ ಕಾರುಗಳಿಗೆ, ಎಂಜಿನ್ನೂ ಸಣ್ಣದಿದ್ದರೆ, ಜಿಎಸ್‌ಟಿ 18 ಪರ್ಸೆಂಟ್, ಉದ್ದವೋ ಎಂಜಿನ್ನೋ ದೊಡ್ಡದಾದರೆ 40. ಬೆಲೆ ನೋಡಿ ಸಣ್ಣದಕ್ಕೆ ಮನಸ್ಸಾಗುತ್ತದೆ, ಮೂವರನ್ನು ಹಿಂದೆ ಕೂರಿಸಿ ನೋಡಿಯೇ ಮುಂದುವರಿಯಿರಿ.

ನೀವು ಕೇಳದೇ ಇದ್ದದ್ದು ಎರಡಿವೆ. ನನ್ನ ಪ್ರಕಾರ ಅವೇ ಮೊದಲು ಬರಬೇಕಿತ್ತು.

ಒಂದು, ಅಮ್ಮ. ಎಸ್‌ಯುವಿ ಎತ್ತರ, ಹತ್ತಲು ಸುಲಭ ಎನ್ನುತ್ತಾರೆ. ಕೆಲವು ಸುಲಭ, ಕೆಲವು ಅಲ್ಲ. ನಮ್ಮ ಗಿರಾಕಿಯೊಬ್ಬರು 18 ಲಕ್ಷದ ಗಾಡಿಯ ಡಿಕ್ಕಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟುಕೊಂಡಿದ್ದಾರೆ. ಅಮ್ಮ ಹತ್ತುವಾಗ ಇಳಿಸಿ, ಹತ್ತಿದ ಮೇಲೆ ಒಳಗಿಟ್ಟು, ಇಳಿಯುವಾಗ ಮತ್ತೆ ತೆಗೆದು. ಆ ತಾಯಿ ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಬಾಗಿಲಿನ ಹಿಡಿ ಹಿಡಿದು, ಮೂರನೇ ಕೈ ಇಲ್ಲವಲ್ಲ ಎಂದು ನಿಂತಿರುತ್ತಾರೆ. ಸೀಟು ಅವರ ಸೊಂಟದ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಇರಬೇಕು. ಹಿಂದೆ ತಿರುಗಿ ಕೂತು ಕಾಲು ಒಳಗೆ ಎಳೆದುಕೊಳ್ಳುವಷ್ಟು. ಅದಕ್ಕಿಂತ ಕೆಳಗಿದ್ದರೆ ಏಳುವಾಗ ಮಂಡಿ ಕೂಗುತ್ತದೆ, ಮೇಲಿದ್ದರೆ ಹತ್ತಲಾಗುವುದಿಲ್ಲ. ಅಮ್ಮನನ್ನು ಶೋರೂಮಿಗೆ ಕರೆದುಕೊಂಡು ಹೋಗಿ, ದಿನಾ ಉಡುವ ಸೀರೆಯಲ್ಲೇ. ಮೂರು ಸಲ ಹತ್ತಿ ಇಳಿಯಲಿ. ಮೂರನೆಯ ಸಲ ಅವರ ಮುಖ ನೋಡಿ.

ಎರಡು, ಪಾರ್ಕಿಂಗ್. ನಿಮ್ಮ ಸೊಸೈಟಿಯಲ್ಲಿ ಸ್ಟ್ಯಾಕ್ ಪಾರ್ಕಿಂಗ್ ಇದೆಯೇ? ಘೋಡ್‌ಬಂದರ್ ಕಡೆಯ ಹೊಸ ಕಟ್ಟಡಗಳಲ್ಲಿ ಇರುವುದೇ ಜಾಸ್ತಿ. ಒಂದರ ಮೇಲೊಂದು ತಟ್ಟೆಯಲ್ಲಿ ಕಾರು ಎತ್ತಿ ಇಡುವ ಆ ಯಂತ್ರಕ್ಕೆ ಎತ್ತರ, ತೂಕ ಎರಡಕ್ಕೂ ಮಿತಿ ಇರುತ್ತದೆ. ಎಷ್ಟೋ ಕಡೆ ಸೆಡಾನ್ ಎತ್ತರಕ್ಕೇ ಮಾಡಿಟ್ಟಿರುತ್ತಾರೆ. ಬುಕ್ ಮಾಡಿ, ಗಾಡಿ ಮನೆಗೆ ತಂದು, ಪೂಜೆ ಮಾಡಿಸಿದ ಮೇಲೆ ತಟ್ಟೆಗೆ ಹಿಡಿಸುತ್ತಿಲ್ಲ ಎಂದು ಗೊತ್ತಾಗಿ ರಸ್ತೆ ಬದಿ ನಿಲ್ಲಿಸುತ್ತಿರುವವರು ಇದ್ದಾರೆ. ಯಂತ್ರದ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಮಿಲಿಮೀಟರ್, ಕೆಜಿ ಎರಡೂ ಬರೆದಿರುತ್ತದೆ, ಫೋಟೋ ತೆಗೆದುಕೊಳ್ಳಿ.

ಎಲೆಕ್ಟ್ರಿಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ದಿನದ ಓಡಾಟಕ್ಕೆ ಅದರಷ್ಟು ಹೊಂದುವುದು ಬೇರೆ ಇಲ್ಲ. ಜಿಎಸ್‌ಟಿ 5 ಪರ್ಸೆಂಟ್, ಎಕ್ಸ್‌ಪ್ರೆಸ್‌ವೇಯಲ್ಲಿ ಮಹಾರಾಷ್ಟ್ರ ಸರಕಾರ ಟೋಲ್ ಕೂಡ ಬಿಟ್ಟಿದೆ. ಸ್ವಂತ ಜಾಗದಲ್ಲಿ ಚಾರ್ಜರ್ ಹಾಕಲು ಆಗುವವರಿಗೆ ಮಾತ್ರ. ಸ್ಟ್ಯಾಕ್ ಇದ್ದರೆ ಮರೆತುಬಿಡಿ. ಎರಡು ಮಕ್ಕಳು, ಮಂಡಿ ನೋವಿನ ಅಮ್ಮನ ಜೊತೆ ಊರಿನ ದಾರಿಯಲ್ಲಿ ಹೋಗುವಾಗಲೂ ಬರುವಾಗಲೂ ಎರಡು ಮೂರು ಸಲ ಚಾರ್ಜಿಂಗಿಗೆ ಕಾಯುವ ತಾಳ್ಮೆಯೂ ಬೇಕು.

ಮಳೆಗಾಲದ ಮಾತು ಒಂದು ಸೇರಿಸುತ್ತೇನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಬಿದ್ದ ಮರುದಿನದಿಂದ ಎರಡು ತಿಂಗಳು ನಾನು ಬೇರೆ ಕೆಲಸವೇ ಮಾಡಲಿಲ್ಲ, ನೀರು ಕುಡಿದ ಎಂಜಿನ್ ಬಿಚ್ಚುವುದೇ ಕೆಲಸ. ಹೆಚ್ಚಿನವು ನೀರಿಗೆ ಸತ್ತದ್ದಲ್ಲ. ನಿಂತ ಮೇಲೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಸತ್ತದ್ದು. ಸಿಲಿಂಡರಿಗೆ ಹೋದ ನೀರನ್ನು ಪಿಸ್ಟನ್ ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ವಂದನಾ ಟಾಕೀಸ್ ಎದುರು ನೀರು ತುಂಬಿ ಗಾಡಿ ಆಫ್ ಆದರೆ ಕೀಲಿ ಮುಟ್ಟಬೇಡಿ, ಟೋ ಮಾಡಿಸಿ ಎಂದು ಹೆಂಡತಿಗೂ ಹೇಳಿಡಿ. ಸಾಮಾನ್ಯ ವಿಮೆಯಲ್ಲಿ ಹೀಗೆ ಕೆಟ್ಟ ಎಂಜಿನ್‌ಗೆ ದುಡ್ಡು ಸಿಗುವುದು ಕಷ್ಟ, ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ಹಾಕಿಸಿ. ಶೋರೂಮಿನವರು ತುರುಕುವ ಹತ್ತು ಕವರ್‌ಗಳಲ್ಲಿ ನಮ್ಮ ಊರಿಗೆ ನಿಜವಾಗಿ ಬೇಕಾದದ್ದು ಇದು.

ನನ್ನನ್ನೇ ಕೇಳಿದರೆ? ಐದು ಸೀಟು, ಸಿಲಿಂಡರ್ ಕೆಳಗಿರುವ ಸಿಎನ್‌ಜಿ, ದೊಡ್ಡವರಿಗೂ ಮಕ್ಕಳಿಗೂ ಒಳ್ಳೆಯ ಸ್ಟಾರ್ ಇರುವುದು. ವಿಕ್ಟೋರಿಸ್, ನೆಕ್ಸಾನ್ ಎರಡಕ್ಕೂ ಐದು ಸ್ಟಾರ್ ಇದೆ. ಮೊದಲನೆಯದರಲ್ಲಿ ಹಿಂದಿನ ಮೂವರಿಗೆ ಜಾಗ ಜಾಸ್ತಿ, ನಿಮ್ಮ ಬಜೆಟ್‌ಗೆ ಕೆಳಗಿನ ಮಾಡೆಲ್ ಬರುತ್ತದೆ. ಸ್ಟ್ಯಾಕ್ ಇದ್ದು ಎತ್ತರ ಹಿಡಿಸದಿದ್ದರೆ ಡಿಜೈರ್ ಸಿಎನ್‌ಜಿ ಇದೆ, ಅದಕ್ಕೂ ಐದು ಸ್ಟಾರ್. ಆದರೆ ಸೀಟು ಕೆಳಗೆ, ಅಮ್ಮನಿಗೆ ಕಷ್ಟ, ಡಿಕ್ಕಿಯನ್ನು ಸಿಲಿಂಡರ್ ತಿನ್ನುತ್ತದೆ. ಅದಕ್ಕಿಂತ ಸೊಸೈಟಿಯಲ್ಲಿ ಯಾರಾದರೂ ಸಣ್ಣ ಕಾರಿನವರ ಜೊತೆ ನೆಲದ ಜಾಗ ಅದಲು ಬದಲು ಮಾಡಿಕೊಳ್ಳಲು ಆಗುತ್ತದಾ ಕೇಳಿ. ಒಂದು ಡಬ್ಬ ಹಲಸಿನ ಹಪ್ಪಳದಲ್ಲಿ ಆಗುವ ಕೆಲಸ ಅದು, ಆದದ್ದನ್ನು ನೋಡಿದ್ದೇನೆ.

ಏನೂ ಹೊಂದಲಿಲ್ಲ ಎಂದರೆ ಹಳೆಯದನ್ನೇ ಇನ್ನೆರಡು ವರ್ಷ ಇಟ್ಟುಕೊಳ್ಳಿ. 88,000 ಕಿ.ಮೀ. ಆ ಎಂಜಿನ್‌ಗೆ ದೊಡ್ಡದಲ್ಲ. ಸಸ್ಪೆನ್ಷನ್ ರಬ್ಬರ್, ಕ್ಲಚ್, ಬ್ರೇಕ್ ಪೈಪು ನೋಡಿಸಿ. ಟೈರಿಗೆ ಐದು ವರ್ಷ ದಾಟಿದ್ದರೆ ಅದರ ಮೇಲಿನ ಗೀರು ಎಷ್ಟೇ ಆಳ ಇದ್ದರೂ ಬದಲಾಯಿಸಿ. ಊರಿಗೆ ಹೊರಡುವ ದಿನ ಗಾಳಿ ಹಿಡಿಸುವಾಗ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ತುಂಬಿದ ಗಾಡಿಗೆ ಎಂದು ಬರೆದಿರುವ ಅಳತೆಯೇ ಹಿಡಿಸಿ. ಪಂಪಿನ ಹುಡುಗ ಎಲ್ಲ ಗಾಡಿಗೂ ಒಂದೇ ಅಳತೆ ಹಾಕುತ್ತಾನೆ. ತೆಂಗಿನಕಾಯಿ ಮೂಟೆಯನ್ನು ಹಗ್ಗದಲ್ಲಿ ಕಟ್ಟಿ, ಹಿಂದಿನ ಸೀಟಿನ ಬೆನ್ನಿಗಿಂತ ಮೇಲೆ ಏರಿಸಬೇಡಿ.

ಮೊದಲು ಸ್ಟ್ಯಾಕಿನ ಆ ಪಟ್ಟಿಯ ಫೋಟೋ ತೆಗೆಯಿರಿ. ಯಾವ ಶೋರೂಮಿಗೆ ಹೋಗುವುದು ಎನ್ನುವುದು ಅದರ ಮೇಲೆ.